ತವರೇ ಉರಿದುಹೋದವರ ಹಂಬಲ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು)



ಮದುವೆಯಾಗಿ ಬಂದ ಹೆಣ್ಣಿಗೆ ತವರು ಅಂದರೆ ಏನು ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಗೌರಿ ಹಬ್ಬಕ್ಕೆ ಅಣ್ಣ ಕರೆಯಲು ಬರಲಿಲ್ಲ ಎಂದರೆ ಅವತ್ತು ಊಟ ಸೇರುವುದಿಲ್ಲ. ಬೀಸುವಾಗ ಕುಟ್ಟುವಾಗ ನಮ್ಮ ಅಜ್ಜಿಯರು ಹಾಡಿದ ತವರಿನ ಹಾಡುಗಳಿಗೆ ಲೆಕ್ಕವೇ ಇಲ್ಲ. ಆದರೂ ನಮ್ಮ ತವರು ಇದ್ದಲ್ಲೇ ಇದೆ. ಬಸ್ ಹತ್ತಿದರೆ ತಲುಪಬಹುದು.

ಆ ತವರೇ ಉರಿದುಹೋಗಿದ್ದರೆ? ಮನೆಯಿದ್ದ ಜಾಗಕ್ಕೆ ಕಾಲಿಡಲೂ ಆಗದಿದ್ದರೆ? ಅಂಥವರು ನಮ್ಮ ಹೆಬ್ಬಾಳ, ಆರ್.ಟಿ. ನಗರದ ಗಲ್ಲಿಗಳಲ್ಲೇ ಬಾಡಿಗೆಗೆ ಇದ್ದಾರೆ. ಅವರೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದೇ ಈ ಪಾಠ. ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ಬಿಚ್ಚದ ಚೀಲ

2023ರ ಮಳೆಗಾಲ. ಆರ್.ಟಿ. ನಗರದ ಒಂದು ಕೋಣೆಯ ಮನೆಗೆ ಹೋಗಿದ್ದೆ. ಮಗಳು ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದಳು. ತಾಯಿ ಮಣಿಪುರದಿಂದ ಉಟ್ಟ ಬಟ್ಟೆಯಲ್ಲಿ ಓಡಿಬಂದಿದ್ದರು. ಅವರು ಯಾವ ಸಮುದಾಯದವರು ಎಂದು ನಾನಿಲ್ಲಿ ಬರೆಯುವುದಿಲ್ಲ. ಏಕೆ ಎಂದು ಮುಂದೆ ತಿಳಿಯುತ್ತದೆ.

ನಾವು ಒಲೆ, ಪಾತ್ರೆ, ಹಾಸಿಗೆ ಎಲ್ಲ ಹೊಂದಿಸಿಕೊಟ್ಟೆವು. ಆದರೆ ಆ ತಾಯಿಯ ಒಂದು ಚೀಲ ಬಾಗಿಲ ಪಕ್ಕದಲ್ಲೇ ಕಟ್ಟಿಟ್ಟ ಹಾಗೇ ಇರುತ್ತಿತ್ತು. ತಿಂಗಳುಗಳು ಕಳೆದರೂ ಬಿಚ್ಚಿರಲಿಲ್ಲ. ಒಂದು ದಿನ ನನಗೆ ಬರುವ ಅರೆಬರೆ ಹಿಂದಿಯಲ್ಲಿ, "ಅಮ್ಮಾ, ಹಳೇದೆಲ್ಲ ಮರೆತುಬಿಡಿ. ಇನ್ನು ಇದೇ ನಿಮ್ಮ ಊರು. ಆ ಚೀಲ ಬಿಚ್ಚಿ ಒಳಗಿಡಿ" ಎಂದೆ. ಒಳ್ಳೆಯದನ್ನೇ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಆಕೆ ತಲೆಯಾಡಿಸಿದರು. ಆದರೆ ಆಮೇಲೆ ನಮ್ಮ ಸಭೆಗೆ ಬರುವುದನ್ನೇ ಬಿಟ್ಟರು.

ಸಂಘದ ಒಬ್ಬ ಹಿರಿಯ ಸದಸ್ಯೆಯ ಹತ್ತಿರ ಇದನ್ನು ಹೇಳಿಕೊಂಡೆ. ಅವರು ಮುಲಾಜಿಲ್ಲದೆ ಹೇಳಿದರು: "ಸಿಸ್ಟರ್, ನಂಗೆ ಮದ್ವೆ ಆಗಿ ಮೂವತ್ತು ವರ್ಷ ಆಯ್ತು. ಇನ್ನೂ ತವರು ಅಂದ್ರೆ ಕಣ್ಣಲ್ಲಿ ನೀರು ಬರ್ತದೆ. ಆಯಮ್ಮಂಗೆ ಆರೇ ತಿಂಗ್ಳಲ್ಲಿ ಮರೀರಿ ಅಂದ್ರೆ ಹೆಂಗೆ?"

ಎಂ.ಎಸ್.ಡಬ್ಲ್ಯೂ. ಓದುವಾಗ ಪುನರ್ವಸತಿ ಎಂದರೆ ಮನೆ, ಕೆಲಸ, ರೇಷನ್ ಎಂದು ಬರೆದು ಅಂಕ ತೆಗೆದುಕೊಂಡವಳು ನಾನು. ಅದರಲ್ಲಿ ಬಿಟ್ಟುಹೋಗಿದ್ದನ್ನು ಆ ತಾಯಿ ಒಂದೇ ಮಾತಿನಲ್ಲಿ ಕಲಿಸಿದರು.

ಅಲ್ಲಿ ಆದದ್ದೇನು?

2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಹಿಂಸೆ ಭುಗಿಲೆದ್ದಿತು. 250ಕ್ಕೂ ಹೆಚ್ಚು ಜನ ಸತ್ತರು. ಸುಮಾರು 60,000 ಜನ ಮನೆ ಕಳೆದುಕೊಂಡರು. ಇಂಫಾಲ ಕಣಿವೆಯಲ್ಲಿದ್ದ ಕುಕಿಗಳು ಬೆಟ್ಟದ ಕಡೆಗೆ ಓಡಿದರು. ಚುರಾಚಾಂದ್‌ಪುರ, ಮೋರೆಯಲ್ಲಿದ್ದ ಮೈತೇಯಿಗಳು ಕಣಿವೆಯ ಕಡೆಗೆ ಓಡಿದರು. ಎರಡೂ ಕಡೆ ಮನೆಗಳು ಸುಟ್ಟವು, ಎರಡೂ ಕಡೆ ತಾಯಂದಿರು ಅತ್ತರು. ಕೆಲವರು ದೆಹಲಿಗೆ, ಕೆಲವರು ಬೆಂಗಳೂರಿಗೆ ಮಕ್ಕಳ ಬಳಿ ಬಂದರು. ನಮ್ಮ ಬೀದಿಯಲ್ಲಿ ಇಬ್ಬರೂ ಇದ್ದಾರೆ. ಆದ್ದರಿಂದ "ನೀವು ಯಾವ ಕಡೆ?" ಎಂಬುದು ನಾವು ಕೇಳಬೇಕಾದ ಪ್ರಶ್ನೆಯಲ್ಲ.

ನಮ್ಮ ಊರಿನ ನೆನಪೂ ಒಂದಿರಲಿ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಇದೇ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿ ಹೊರಟುಹೋಗಿದ್ದರು. ಬಾಗಿಲ ಬಳಿ ಚೀಲ ಏಕಿರುತ್ತದೆ ಎಂದು ಇದರಿಂದಲೂ ಅರ್ಥ ಮಾಡಿಕೊಳ್ಳಬಹುದು.

ಹಂಬಲ ರೋಗವಲ್ಲ

1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಊರಿನಿಂದ ದೂರವಾದವರ ಕೊರಗಿಗೆ 'ನಾಸ್ಟಾಲ್ಜಿಯಾ' ಎಂದು ಹೆಸರಿಟ್ಟ. ಮನೆಗೆ ಮರಳುವುದು, ನೋವು ಎಂಬ ಎರಡು ಗ್ರೀಕ್ ಮಾತುಗಳನ್ನು ಸೇರಿಸಿದ ಪದ ಅದು. ಅವನ ಕಾಲದಲ್ಲಿ ಇದನ್ನು ಕಾಯಿಲೆ ಎಂದೇ ತಿಳಿದಿದ್ದರು. ಇಂದು ಹಾಗೆ ನೋಡುವುದಿಲ್ಲ.

ಅಮೆರಿಕದ ಪಾಲಿನ್ ಬಾಸ್ ಎಂಬ ವಿದ್ವಾಂಸೆ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿ 'ಅಸ್ಪಷ್ಟ ನಷ್ಟ' ಎಂಬ ವಿಚಾರ ಕೊಟ್ಟರು. ಸಾವಾದರೆ ಶವ ಇರುತ್ತದೆ, ಮಣ್ಣು ಮಾಡುತ್ತೇವೆ, ತಿಥಿ ಮಾಡುತ್ತೇವೆ, ಬಂಧುಗಳು ಬಂದು ಅಳುತ್ತಾರೆ. ಕಾಣೆಯಾದವರಿಗೆ ಇದ್ಯಾವುದೂ ಇಲ್ಲ. ಊರು ಕಳೆದುಕೊಂಡವರ ಕಥೆಯೂ ಹೀಗೇ. ಊರು ನಕ್ಷೆಯಲ್ಲಿದೆ, ಹೋಗಲು ಆಗುವುದಿಲ್ಲ. ಹೋಯಿತು ಎಂದು ಅಳುವ ಹಾಗಿಲ್ಲ, ಇದೆ ಎಂದು ನಗುವ ಹಾಗೂ ಇಲ್ಲ.

ನಮ್ಮ ನಾಡಿನಲ್ಲೇ ಇರುವ ಸಾಕ್ಷಿ

"ಹಳೆಯದನ್ನು ನೆನೆಯುತ್ತಾ ಕೂತರೆ ಇಲ್ಲಿ ಬೇರು ಬಿಡುವುದಿಲ್ಲ" ಎಂದು ನಾವು ಹೆದರುತ್ತೇವೆ. ಬೈಲಕುಪ್ಪೆಗೆ ಹೋಗಿ ನೋಡಿ. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ರಾಜ್ಯ ಅಲ್ಲಿ ಕಾಡುಭೂಮಿ ಕೊಟ್ಟಿತು. 1960ರ ಕೊನೆಗೆ ಮೊದಲ ವಸತಿ ಶುರುವಾಯಿತು. ಮುಂಡಗೋಡಿನಲ್ಲಿ 1966ರಲ್ಲಿ, ಆಮೇಲೆ ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ವಸತಿಗಳಾದವು. ಅವರು ಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಅದರ ಜೊತೆಗೇ ಲ್ಹಾಸಾ ಕಡೆಯ ಸೆರಾ, ದ್ರೆಪುಂಗ್, ಗಂದೆನ್ ಮಠಗಳನ್ನು ಅದೇ ಹೆಸರಿನಲ್ಲಿ ಇಲ್ಲಿ ಕಟ್ಟಿದರು. ಅವರು ನೆನೆದರು, ದುಡಿದರು, ಬೇರನ್ನೂ ಬಿಟ್ಟರು.

ಇನ್ನೊಂದು ಬಗೆಯ ಕಥೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿದೆ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಶ್ರೀಲಂಕಾದ ಚಹಾ ತೋಟಗಳಿಂದ ಬಂದ ತಮಿಳರು ಅವರು. ಕಾಗದದಲ್ಲಿ ಅವರು ತಾಯ್ನಾಡಿಗೆ ಮರಳಿದವರು. ಆದರೆ ಹುಟ್ಟಿ ಬೆಳೆದದ್ದು ಆ ಬೆಟ್ಟಗಳಲ್ಲಿ. ಯಾರ ಊರು ಯಾವುದು ಎಂದು ಸರ್ಕಾರಿ ಕಾಗದ ತೀರ್ಮಾನಿಸಲಾಗದು.

ನಾವೇನು ಮಾಡಬಹುದು?

1. "ಮರೆತುಬಿಡಿ" ಎನ್ನಬೇಡಿ. "ನಿಮ್ಮ ಊರು ಹೇಗಿತ್ತು?" ಎಂದು ಕೇಳಿ. ಹೇಳಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕುಳಿತುಕೊಳ್ಳಿ. ಸುಟ್ಟ ದಿನದ ಕಥೆಯನ್ನು ಕೆದಕಬೇಡಿ.

2. ಕಾಗದಪತ್ರಕ್ಕೆ ನೆರವಾಗಿ. ಆಧಾರ್ ಕಾರ್ಡು ಸುಟ್ಟಿದ್ದರೂ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮರಳಿ ಪಡೆಯಬಹುದು. ಆಹಾರ ಭದ್ರತೆಯ ರೇಷನ್ ಕಾರ್ಡಿದ್ದರೆ 'ಒಂದು ದೇಶ ಒಂದು ರೇಷನ್ ಕಾರ್ಡ್' ಯೋಜನೆಯಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಧಾನ್ಯ ಕೇಳಬಹುದು.

3. ಮಕ್ಕಳನ್ನು ಶಾಲೆಗೆ ಸೇರಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲ ಎಂದು ಪ್ರವೇಶ ನಿರಾಕರಿಸುವಂತಿಲ್ಲ. ಟಿ.ಸಿ. ತಡವಾದದ್ದೂ ಕಾರಣವಾಗದು.

4. ನಿದ್ದೆ ಇಲ್ಲ, ಊಟ ಬಿಟ್ಟಿದ್ದಾರೆ, ಸಾಯುವ ಮಾತಾಡುತ್ತಾರೆ ಎಂದರೆ ಅದು ಬರೀ ಹಂಬಲವಲ್ಲ. ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ.

ಆ ತಾಯಿಯ ಮನೆಗೆ ನಾನು ಮತ್ತೆ ಹೋದೆ. "ನಾನು ಹಾಗೆ ಹೇಳಬಾರದಿತ್ತು ಅಮ್ಮಾ" ಎಂದೆ. ಆಕೆ ಚಹಾ ಕೊಟ್ಟರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಆ ಚೀಲ ತೆರೆದು ತೋರಿಸಿದರು. ಮಕ್ಕಳ ಅಂಕಪಟ್ಟಿ, ಗಂಡನ ಫೋಟೋ, ಹಿತ್ತಿಲಿನ ಮೆಣಸಿನಕಾಯಿಯ ಒಂದು ಹಿಡಿ ಬೀಜ. ತೋರಿಸಿ ಮತ್ತೆ ಕಟ್ಟಿಟ್ಟರು. ಮುಂದಿನ ವಾರ ಸಭೆಗೆ ಬಂದರು. ಚೀಲ ಈಗಲೂ ಬಾಗಿಲ ಬಳಿಯೇ ಇದೆ. ಬಿಚ್ಚಿ ಎಂದು ನಾವ್ಯಾರೂ ಹೇಳುವುದಿಲ್ಲ.

ಚರ್ಚೆಗೆ

- ನಿಮ್ಮ ಬೀದಿಯಲ್ಲಿ ಊರು ಬಿಟ್ಟು ಬಂದ ಕುಟುಂಬ ಯಾವುದಿದೆ? ಅವರ ಊರಿನ ಹೆಸರು ನಿಮಗೆ ಗೊತ್ತೇ?
- ನಿಮ್ಮ ತವರಿನಿಂದ ತಂದು ಇಂದಿಗೂ ಇಟ್ಟುಕೊಂಡಿರುವ ವಸ್ತು ಯಾವುದು? ಏಕೆ?
- ಮುಂದಿನ ಸಭೆಯೊಳಗೆ ಅಂಥ ಒಂದು ಕುಟುಂಬಕ್ಕಾಗಿ ನಮ್ಮ ಸಂಘ ಮಾಡಬಹುದಾದ ಒಂದು ಕೆಲಸ ಯಾವುದು?