ಬೋರ್‌ವೆಲ್ ಮನೆಯಲ್ಲಿ ನೀರಿನ ಫೋರ್ಸ್: ಮುಖ್ಯಾಂಶಗಳು

● ‘ಫೋರ್ಸ್ ಇಲ್ಲ’ ಎಂಬ ಒಂದೇ ದೂರಿನ ಹಿಂದೆ ಎರಡು ತೊಂದರೆಗಳಿರಬಹುದು. ಬೋರಿನಿಂದ ಟ್ಯಾಂಕಿಗೆ ನೀರೇ ಕಡಿಮೆ ಏರುತ್ತಿರಬಹುದು; ಇಲ್ಲವೇ ಟ್ಯಾಂಕು ತುಂಬಿದ್ದರೂ ನಲ್ಲಿಯಲ್ಲಿ ಸಣ್ಣಗೆ ಬರುತ್ತಿರಬಹುದು. ಯಾವುದೆಂದು ನೋಡದೆ ದೊಡ್ಡ ಮೋಟರು ತಂದರೆ ದುಡ್ಡು ದಂಡ.

● 10 ಮೀಟರ್ ನೀರಿನ ಎತ್ತರ = ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ. ನಲ್ಲಿಗಿಂತ 10 ಅಡಿ ಮೇಲಿರುವ ಟ್ಯಾಂಕು ಕೊಡುವುದು ಸುಮಾರು 0.3 ಕೆ.ಜಿ. ಮಾತ್ರ. ಕೆಳಮನೆಯಲ್ಲಿ ಜೋರು, ಮಹಡಿಯ ಬಚ್ಚಲಲ್ಲಿ ನಿಧಾನವಾಗಿ ಬರುವುದು ಇದಕ್ಕೇ.

● ಟ್ಯಾಂಕು 500 ಲೀಟರಿನದಾದರೂ 2,000 ಲೀಟರಿನದಾದರೂ ನೀರಿನ ಎತ್ತರ ಒಂದೇ ಇದ್ದರೆ ಒತ್ತಡವೂ ಒಂದೇ.

● ಒಂದಿಂಚಿನ ಪೈಪನ್ನು ಅರ್ಧ ಇಂಚಿಗೆ ಇಳಿಸಿ ಅಷ್ಟೇ ನೀರು ಹರಿಸಿದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟು.

● ಬೋರಿನ ನೀರು: ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನೆಲದಡಿ ಇರುವುದು ಗಟ್ಟಿ ಶಿಲೆ, ಹೆಚ್ಚಾಗಿ ನೈಸ್. ನೀರು ಸಿಗುವುದು ಮೇಲಿನ ಶಿಥಿಲ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ. 1911ರಲ್ಲಿ ಆರಂಭವಾಗಿ 1932ರಲ್ಲಿ ಮುಗಿದ ಕನ್ನಂಬಾಡಿ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ ಮೂರೂ ತಾಲ್ಲೂಕುಗಳಿಗೆ ನೀರುಣಿಸುತ್ತದೆ. ನಾಲೆ ಹರಿಯುವಾಗ ಆಸುಪಾಸಿನ ಬಾವಿಗಳ ಮಟ್ಟ ಏರುತ್ತದೆ, ನಾಲೆ ನಿಂತರೆ ಇಳಿಯುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಮೋಟರು ಎತ್ತಿಸುವ ಮುನ್ನ ಬೋರಿನ ಮಟ್ಟ ನೋಡಿಸಿ. ಗಾಳಿ ಬೆರೆತು ಬಿಟ್ಟು ಬಿಟ್ಟು ಬರುತ್ತಿದ್ದರೆ ಮಟ್ಟ ಪಂಪಿನವರೆಗೂ ಇಳಿದಿರಬಹುದು. ಅಂಥ ಬೋರಿಗೆ ಹೆಚ್ಚು ಎಚ್‌ಪಿ ಮೋಟರು ಇಳಿಸಿದರೆ ಬೇಗ ಬರಿದಾಗುತ್ತದೆ. ಸಬ್‌ಮರ್ಸಿಬಲ್ ಮೋಟರನ್ನು ತಂಪಾಗಿಡುವುದು ಸುತ್ತಲಿನ ನೀರೇ. ನೀರಿಲ್ಲದೆ ಓಡಿದರೆ ಕಾಯಿಲ್ ಸುಡುತ್ತದೆ.

● ತೆರೆದ ಬಾವಿ: ದಡದ ಪಂಪು ನೀರು ಹೀರುವ ಸೈದ್ಧಾಂತಿಕ ಮಿತಿ ಸುಮಾರು 10.3 ಮೀಟರ್, ವಾಸ್ತವದಲ್ಲಿ 7ರ ಆಸುಪಾಸು. ಪ್ರತಿ ಸಲ ನೀರು ಹುಯ್ದು ಶುರು ಮಾಡಬೇಕಾದರೆ ಹೀರುಪೈಪಿನ ತುದಿಯ ಫುಟ್‌ವಾಲ್ವ್ ಸೋರುತ್ತಿರಬಹುದು.

● ಕರೆಂಟು: ಸಿಂಗಲ್ ಫೇಸ್ 230 ವೋಲ್ಟ್. ಇದು 200ಕ್ಕೆ ಬಿದ್ದರೆ ಮೋಟರಿನ ತಿರುಚುಬಲ ಸುಮಾರು ಕಾಲುಭಾಗ ಕುಸಿಯುತ್ತದೆ. ತ್ರೀ ಫೇಸ್‌ನಲ್ಲಿ ಲೈನ್ ಕೆಲಸವಾದ ಮೇಲೆ ನೀರು ಕಡಿಮೆಯಾಯಿತೇ? ಮೋಟರು ಉಲ್ಟಾ ತಿರುಗುತ್ತಿರಬಹುದು. ಯಾವುದಾದರೂ ಎರಡು ವೈರು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಇದು ಎಲೆಕ್ಟ್ರಿಷಿಯನ್ ಕೆಲಸ.

● ಗಡಸುತನ: ಕುಡಿಯುವ ನೀರಿನ ಮಾನದಂಡ ಐಎಸ್ 10500:2012ರಂತೆ ಒಪ್ಪಿತ ಮಿತಿ ಲೀಟರಿಗೆ 200 ಮಿ.ಗ್ರಾಂ, ಬೇರೆ ಮೂಲವಿಲ್ಲದಾಗ 600. ಗಡಸು ನೀರಿನ ಮನೆಯಲ್ಲಿ ಒಂದೇ ನಲ್ಲಿ ಕೈಕೊಟ್ಟಿದ್ದರೆ ಮೊದಲು ಸುಣ್ಣ ಕಟ್ಟಿರಬಹುದಾದ ಅದರ ಬಾಯಿಯ ಜರಡಿ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ. ಎಲ್ಲ ನಲ್ಲಿಗಳೂ ಒಟ್ಟಿಗೆ ಸೊರಗಿದ್ದರೆ ಟ್ಯಾಂಕಿನ ಹೊರಪೈಪು, ಗೇಟ್‌ವಾಲ್ವ್ ನೋಡಿ.

● ಟ್ಯಾಂಕಿನಿಂದ ಇಳಿಯುವ ಪೈಪಿಗೆ ಗಾಳಿಗೊಳವೆ ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ನೀರು ತಡೆಯುವ ಏರ್‌ಲಾಕ್ ಆಗಬಹುದು. ಗಾಳಿಗೊಳವೆಯ ತುದಿ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು.

● ಪ್ರೆಷರ್ ಬೂಸ್ಟರ್ ಪಂಪನ್ನು ಟ್ಯಾಂಕಿನ ನಂತರ ಕೂಡಿಸಬೇಕು, ಬೋರಿನ ಲೈನಿಗಲ್ಲ. ಜೊತೆಗೆ ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಹಾಕಿದ ಬೈಪಾಸ್ ಪೈಪು ಇದ್ದರೆ ಕರೆಂಟು ಹೋದಾಗಲೂ ನಲ್ಲಿಯಲ್ಲಿ ನೀರು ಬರುತ್ತದೆ.