ಗುಂಡಿ, ಚಕ್ರ, ಸಸ್ಪೆನ್ಷನ್: ಒಂದು ಸಣ್ಣ ಲೆಕ್ಕ

ಜುಲೈ ಬಂತೆಂದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಬುಶ್ ಹೋಗಿದೆ", "ಲಿಂಕ್ ರಾಡ್ ಹೋಗಿದೆ", "ಶಾಕಲ್ಲಿ ಆಯಿಲ್ ಲೀಕ್ ಉಂಟು". ಕಾರಿನವರ ಉತ್ತರವೂ ಒಂದೇ: "ಎಂತ ಮಾಡುದು ಮಾರಾಯ್ರೆ, ರೋಡು ಹಾಗುಂಟಲ್ಲ!" ರೋಡು ಹಾಗಿರುವುದು ನಿಜ. ಆದರೆ ಗುಂಡಿಗಿಳಿದ ಚಕ್ರಕ್ಕೆ ಆ ಒಂದು ಕ್ಷಣದಲ್ಲಿ ಆಗುವುದೇನು, ಏಟು ಯಾವ ಭಾಗಕ್ಕೆ ಬೀಳುತ್ತದೆ, ವೇಗದ ಪಾತ್ರ ಎಷ್ಟು ಎಂಬುದನ್ನು ನಾವು ಕ್ಲಾಸಿನಲ್ಲಿ ಕಲಿತ ಲೆಕ್ಕದಿಂದಲೇ ನೋಡಬಹುದು.

ನಮ್ಮ ರಸ್ತೆಗೆ ಗುಂಡಿ ಬೀಳುವ ಬಗೆ

ಚಳಿ ದೇಶಗಳಲ್ಲಿ ಡಾಂಬರಿನ ಬಿರುಕಿಗಿಳಿದ ನೀರು ಹೆಪ್ಪುಗಟ್ಟಿ, ಹಿಗ್ಗಿ, ರಸ್ತೆಯನ್ನು ಒಡೆಯುತ್ತದೆ. ಪಠ್ಯಪುಸ್ತಕದಲ್ಲಿ ಸಿಗುವ ಚಿತ್ರ ಅದು. ಉಡುಪಿಯಲ್ಲಿ ಮಂಜುಗಡ್ಡೆ ಇಲ್ಲ, ಮಳೆ ಇದೆ. ವರ್ಷಕ್ಕೆ ಸುಮಾರು 4,000 ಮಿ.ಮೀ., ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಘಟ್ಟದ ಬುಡದ ಕಾರ್ಕಳ, ಹೆಬ್ರಿ ಕಡೆ ಇನ್ನೂ ಜಾಸ್ತಿ.

ನೀರು ಎರಡು ಕೆಲಸ ಮಾಡುತ್ತದೆ. ಒಂದು, ಜಲ್ಲಿಕಲ್ಲಿಗೂ ಡಾಂಬರಿಗೂ ನಡುವೆ ನುಗ್ಗಿ ಅವೆರಡರ ಅಂಟು ಬಿಡಿಸುತ್ತದೆ. ಎರಡು, ಕೆಳಗಿನ ಮಣ್ಣಿನ ಪದರವನ್ನು ಮೆತ್ತಗೆ ಮಾಡುತ್ತದೆ. ಮೇಲೆ ಚಕ್ರ ಹಾದಾಗ ಬಿರುಕಿನೊಳಗಿನ ನೀರು ಪಂಪಿನಂತೆ ಒತ್ತಿ ಚಿಮ್ಮುತ್ತದೆ. ಚಿಮ್ಮುವಾಗ ಸಣ್ಣ ಕಣಗಳನ್ನೂ ಹೊರಗೆ ತರುತ್ತದೆ. ಒಳಗೆ ಪೊಳ್ಳಾಗುತ್ತದೆ, ಮೇಲಿನ ಪದರ ಕುಸಿಯುತ್ತದೆ. ರಸ್ತೆ ಬದಿಯ ಚರಂಡಿ ಹೂಳಿದ್ದರೆ ಇಷ್ಟಾಗಲು ಒಂದು ವಾರದ ಮಳೆ ಸಾಕು. ಮಣಿಪಾಲ ಎತ್ತರದಲ್ಲಿದೆ, ಉಡುಪಿ ತಗ್ಗಿನಲ್ಲಿದೆ. ಚರಂಡಿಯಲ್ಲಿ ಹರಿಯಬೇಕಾದ ನೀರು ಇಳಿಜಾರಿನ ರಸ್ತೆಯ ಮೇಲೆಯೇ ಹರಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಕಾಪುವಿನಂಥ ಕಡೆ ಸಮಸ್ಯೆ ತದ್ವಿರುದ್ಧ: ನೆಲ ಸಪಾಟು, ನೀರು ಹರಿಯುವುದೇ ಇಲ್ಲ, ಸರ್ವಿಸ್ ರಸ್ತೆಯ ಅಂಚಿನಲ್ಲಿ ನಿಂತೇ ಇರುತ್ತದೆ.

ಇನ್ನು ಭಾರದ ವಿಷಯ. 1950ರ ದಶಕದ ಕೊನೆಗೆ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ಆಶೋ ರಸ್ತೆ ಪರೀಕ್ಷೆಯಿಂದ ಬಂದ ಸೂತ್ರದ ಪ್ರಕಾರ, ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತಕ್ಕೆ ಅನುಗುಣ. ಅರ್ಧ ಟನ್ನಿನ ಕಾರಿನ ಆಕ್ಸಲ್‌ಗೂ 10 ಟನ್ನಿನ ಲಾರಿ ಆಕ್ಸಲ್‌ಗೂ ಭಾರದಲ್ಲಿ 20 ಪಟ್ಟು ವ್ಯತ್ಯಾಸ. ಹಾನಿಯಲ್ಲಿ 1,60,000 ಪಟ್ಟು! ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಾಲುಗಟ್ಟುವ ಟ್ರಕ್ಕುಗಳು, ಕಾರ್ಕಳದ ಕಡೆಯಿಂದ ಜಲ್ಲಿ ಹೊತ್ತು ಬರುವ ಲಾರಿಗಳು ಗುಂಡಿ ತೋಡುತ್ತವೆ. ಬಿಲ್ಲು ಕಟ್ಟುವುದು ಕಾರು, ಸ್ಕೂಟರಿನವರು.

ಕಾಲು ಭಾಗದ ಕಾರು

ಸಸ್ಪೆನ್ಷನ್ ಅಧ್ಯಯನಕ್ಕೆ ಪೂರ್ತಿ ಕಾರು ಬೇಕಾಗಿಲ್ಲ. ಒಂದು ಮೂಲೆ ಸಾಕು. ಇದಕ್ಕೆ ಕ್ವಾರ್ಟರ್ ಕಾರ್ ಮಾಡೆಲ್ ಎನ್ನುತ್ತಾರೆ. ಒಂದು ಸಾಧಾರಣ ಹ್ಯಾಚ್‌ಬ್ಯಾಕಿಗೆ ಹತ್ತಿರವಾದ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಸ್ಪ್ರಿಂಗಿನ ಮೇಲಿನ ಬಾಡಿ 300 ಕೆ.ಜಿ. ಸ್ಪ್ರಿಂಗಿನ ಕೆಳಗೆ ಚಕ್ರ, ಹಬ್, ಬ್ರೇಕ್ ಎಲ್ಲ ಸೇರಿ 40 ಕೆ.ಜಿ. ಸ್ಪ್ರಿಂಗಿನ ಬಿಗಿ ಮೀಟರಿಗೆ 20,000 ನ್ಯೂಟನ್, ಟೈರಿನ ಬಿಗಿ 1,80,000 ನ್ಯೂಟನ್.

ಬಾಡಿಯ ಸಹಜ ಆವರ್ತನ: 20,000ವನ್ನು 300ರಿಂದ ಭಾಗಿಸಿ ವರ್ಗಮೂಲ ತೆಗೆದರೆ 8.2, 2π ಯಿಂದ ಭಾಗಿಸಿದರೆ ಸುಮಾರು 1.3 ಹರ್ಟ್ಸ್. ಚಕ್ರದ್ದು: 2,00,000ವನ್ನು 40ರಿಂದ ಭಾಗಿಸಿ ಹಾಗೆಯೇ ಮಾಡಿದರೆ ಸುಮಾರು 11 ಹರ್ಟ್ಸ್. ಅಂದರೆ ಒಳಗೆ ಕೂತವರು ಇರುವ ಬಾಡಿ ನಿಧಾನಿ, ಕೆಳಗಿನ ಚಕ್ರ ಚುರುಕು. ಈ ವ್ಯತ್ಯಾಸದಿಂದಲೇ ನಮಗೆ ಸುಖ ಸಿಗುವುದು. ಆದರೆ ಒಂದು ಎಚ್ಚರಿಕೆಯೂ ಇಲ್ಲಿದೆ. ಒಂದೊಂದು ಮೀಟರಿಗೆ ಒಂದರಂತೆ ಸಾಲಾಗಿ ಉಬ್ಬುತಗ್ಗುಗಳಿರುವ ತೇಪೆ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಹೋದರೆ, ಸೆಕೆಂಡಿಗೆ 11 ಏಟು. ಚಕ್ರದ ಆವರ್ತನವೂ ಅದೇ. ಅನುರಣನ! ಚಕ್ರ ಕುಣಿಯತೊಡಗುತ್ತದೆ, ಟೈರಿಗೂ ರಸ್ತೆಗೂ ಸಂಪರ್ಕ ಬಿಟ್ಟುಬಿಟ್ಟು ಸಿಗುತ್ತದೆ, ಬ್ರೇಕ್ ಹಿಡಿದರೂ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಆ ಕುಣಿತವನ್ನು ತಡೆಯುವ ಕೆಲಸ ಡ್ಯಾಂಪರಿನದು, ಅಂದರೆ ನಾವು ಶಾಕ್ ಅಬ್ಸಾರ್ಬರ್ ಎನ್ನುವುದರದು. ಅದು ಸೋತಿದ್ದರೆ ಕಥೆ ಮುಗಿಯಿತು.

"ಜೋರಾಗಿ ಹೋದ್ರೆ ಗುಂಡಿ ಗೊತ್ತೇ ಆಗಲ್ಲ"

ಇದು ಹಾಸ್ಟೆಲ್‌ನಲ್ಲಿ ಆಗಾಗ ಕೇಳುವ ವಾದ. ಲೆಕ್ಕ ಹಾಕಿ ನೋಡೋಣ. ಗುಂಡಿಯ ಆಳ 5 ಸೆಂ.ಮೀ., ಉದ್ದ 67 ಸೆಂ.ಮೀ. ಚಕ್ರದ ತ್ರಿಜ್ಯ 30 ಸೆಂ.ಮೀ. ಟೈರು ಒಂದು ಕ್ಷಣ ಗಟ್ಟಿ ಎಂದೇ ಭಾವಿಸೋಣ. ನಿಜದಲ್ಲಿ ಅದು ಒತ್ತಿಕೊಂಡು ಏಟನ್ನು ಸ್ವಲ್ಪ ಕಡಿಮೆ ಮಾಡುತ್ತದೆ, ಆದರೆ ಹೋಲಿಕೆಗೆ ಇದು ಸಾಕು.

ಗುಂಡಿಯ ಅಂಚು ದಾಟಿದ ಕೂಡಲೇ ಚಕ್ರ ಬರೀ ಗುರುತ್ವದಿಂದ ಬೀಳುವುದಿಲ್ಲ. ಮೇಲಿನಿಂದ ಸ್ಪ್ರಿಂಗ್ ಸುಮಾರು 2,940 ನ್ಯೂಟನ್ ಬಲದಿಂದ ಅದನ್ನು ಕೆಳಕ್ಕೆ ತಳ್ಳುತ್ತದೆ. ಹಾಗಾಗಿ ಆರಂಭದ ವೇಗೋತ್ಕರ್ಷ ಗುರುತ್ವದ ಎಂಟು ಪಟ್ಟಿಗಿಂತ ಹೆಚ್ಚು. ಡ್ಯಾಂಪರಿನ ತಡೆಯನ್ನೂ ಸೇರಿಸಿದರೆ 5 ಸೆಂ.ಮೀ. ಇಳಿಯಲು ಸುಮಾರು 0.045 ಸೆಕೆಂಡು ಸಾಕು. 40 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಕಾರು ಚಲಿಸುವುದು ಅರ್ಧ ಮೀಟರು. ಅಂದರೆ ಎದುರಿನ ಅಂಚು ತಾಗುವ ಹೊತ್ತಿಗೆ ಚಕ್ರ ತಳ ಮುಟ್ಟಿರುತ್ತದೆ.

ಈಗ ಅಂಚಿನ ಏಟು. 5 ಸೆಂ.ಮೀ. ಎತ್ತರದ ಅಂಚು ಈ ಚಕ್ರಕ್ಕೆ ಸುಮಾರು 34 ಡಿಗ್ರಿಯ ಇಳಿಜಾರಿನಂತೆ ಎದುರಾಗುತ್ತದೆ. ಮುಂದಕ್ಕೆ ಹೋಗುವ ವೇಗದ 0.66 ಪಾಲು ಒಮ್ಮೆಲೇ ಮೇಲ್ಮುಖ ವೇಗವಾಗಬೇಕು.

20 ಕಿ.ಮೀ.ನಲ್ಲಿ: ಸೆಕೆಂಡಿಗೆ 3.7 ಮೀಟರು. ಆ 40 ಕೆ.ಜಿ.ಯನ್ನು 70 ಸೆಂ.ಮೀ. ಎತ್ತರದಿಂದ ಬೀಳಿಸಿದ ಹಾಗೆ.

40 ಕಿ.ಮೀ.ನಲ್ಲಿ: ಸೆಕೆಂಡಿಗೆ 7.4 ಮೀಟರು. ಅದೇ 40 ಕೆ.ಜಿ.ಯನ್ನು 2.8 ಮೀಟರಿನಿಂದ, ಅಂದರೆ ಸಾಧಾರಣ ಕೋಣೆಯ ಮಾಡಿನ ಎತ್ತರದಿಂದ ಬೀಳಿಸಿದ ಹಾಗೆ. ವೇಗ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು.

60 ಕಿ.ಮೀ.ನಲ್ಲಿ: ಇಲ್ಲಿ ಆ ವಾದಕ್ಕೆ ಸ್ವಲ್ಪ ಬಲ ಇದೆ. ಚಕ್ರಕ್ಕೆ ಪೂರ್ತಿ ಇಳಿಯಲು ಸಮಯ ಸಿಗುವುದಿಲ್ಲ, ಸುಮಾರು 2.7 ಸೆಂ.ಮೀ. ಮಾತ್ರ ಇಳಿಯುತ್ತದೆ. ಆದರೂ ಮೇಲ್ಮುಖ ವೇಗ ಲೆಕ್ಕ ಹಾಕಿದರೆ ಸೆಕೆಂಡಿಗೆ 7.6 ಮೀಟರು! ಅರ್ಧವೇ ಇಳಿದರೂ ಏಟು 40 ಕಿ.ಮೀ.ನದಕ್ಕೆ ಸಮ. ಗುಂಡಿ ಇನ್ನೂ ಉದ್ದವಿದ್ದರೆ ಏಟು ಅದಕ್ಕಿಂತ ಬಹಳ ಜಾಸ್ತಿ.

ಹಾಗಾದರೆ "ಗೊತ್ತೇ ಆಗಲ್ಲ" ಅನಿಸುವುದು ಯಾಕೆ? ಬಾಡಿಯ ಆವರ್ತನ 1.3 ಹರ್ಟ್ಸ್ ಅಲ್ಲವೇ? ಅಷ್ಟು ಕಿರು ಸಮಯದ ಏಟಿಗೆ ಅದು ಅಲುಗಲು ಹೊರಡುವ ಮೊದಲೇ ಕಾರು ಗುಂಡಿ ದಾಟಿರುತ್ತದೆ. ಕೂತವರಿಗೆ ಗೊತ್ತಾಗಲಿಲ್ಲ, ಅಷ್ಟೇ. ಲೋವರ್ ಆರ್ಮಿಗೆ ಗೊತ್ತಾಗಿದೆ.

ಏಟು ಎಲ್ಲೆಲ್ಲಿಗೆ

ಮೊದಲ ಪಾಲು ಟೈರಿಗೆ. ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟೈರಿನ ಬದಿಯ ಒಳಗಿನ ದಾರಗಳು ತುಂಡಾದರೆ ಹೊರಗೆ ಗುಳ್ಳೆ ಬರುತ್ತದೆ. ಅದಕ್ಕೆ ಪಂಕ್ಚರ್ ಹಾಕಲಾಗದು, ಟೈರು ಬದಲಿಸಲೇಬೇಕು. ಗಾಳಿ ಕಡಿಮೆ ಇದ್ದಷ್ಟೂ ಈ ಅಪಾಯ ಹೆಚ್ಚು. ರಿಮ್ ಕೂಡ ಬಗ್ಗಬಹುದು.

ಮುಂದಿನದು ರಬ್ಬರ್ ಬುಶ್, ಬಾಲ್ ಜಾಯಿಂಟ್, ಲಿಂಕ್ ರಾಡ್. ನಮ್ಮ ಸಣ್ಣ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇದರಲ್ಲಿ ಡ್ಯಾಂಪರ್ ಆಘಾತವನ್ನಷ್ಟೇ ಅಲ್ಲ, ಚಕ್ರವನ್ನು ನೇರವಾಗಿ ಹಿಡಿಯುವ ಹೊರೆಯನ್ನೂ ಹೊರುತ್ತದೆ. ಅಂಚಿನ ಏಟಿನಲ್ಲಿ ಹಿಂದಕ್ಕೆ ತಳ್ಳುವ ಬಲವೂ ಇರುವುದರಿಂದ ಸ್ಟ್ರಟ್ಟಿನ ರಾಡ್ ಬಾಗುವ ಸಂಭವ ಇದೆ. ಸೀಲ್ ಸವೆದು ಎಣ್ಣೆ ಸೋರುತ್ತದೆ. ಟೋ ಕೋನ ಸ್ವಲ್ಪ ತಪ್ಪಿದರೂ ಟೈರು ಒಂದು ಬದಿಯಲ್ಲಿ ಬೇಗ ಸವೆಯುತ್ತದೆ. ಕಡಲ ಬದಿಯಲ್ಲಿ ಇನ್ನೊಂದು ಸೇರುತ್ತದೆ: ಉಪ್ಪು ಗಾಳಿ. ಕಲ್ಲು ತಾಗಿ ಪೇಂಟು ಹೋದ ಕಾಯಿಲ್ ಸ್ಪ್ರಿಂಗಿಗೆ ತುಕ್ಕು ಹಿಡಿದು, ಆ ತುಕ್ಕಿನ ಕುಳಿಯಿಂದಲೇ ಬಿರುಕು ಹುಟ್ಟಿ, ಒಂದು ದಿನ ಸ್ಪ್ರಿಂಗ್ ಮುರಿಯುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಸಣ್ಣ ಉಬ್ಬುಗಳಲ್ಲಿ ಟಕ್ ಟಕ್ ಸದ್ದು ಬಂದರೆ ಮೊದಲು ಲಿಂಕ್ ರಾಡ್ ನೋಡಿಸಿ. ಬ್ರೇಕ್ ಹಿಡಿದಾಗ ಧಡ್ ಎಂದರೆ ಲೋವರ್ ಆರ್ಮ್ ಬುಶ್. ನೇರ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆದರೆ ಅಲೈನ್‌ಮೆಂಟ್. ಟೈರಿನ ಮೇಲೆ ಕೈಯಾಡಿಸಿದಾಗ ಅಲೆ ಅಲೆಯಾಗಿ ಸವೆದಿದ್ದರೆ ಡ್ಯಾಂಪರ್ ಸಂಶಯ. ಇವೆಲ್ಲ ಮೊದಲ ಊಹೆ ಮಾತ್ರ. ಕಾರನ್ನು ಎತ್ತಿ ನೋಡಿದ ಮೇಲೆಯೇ ತೀರ್ಮಾನ.

ಓಡಿಸುವಾಗ

ಗುಂಡಿಗೆ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ, ಗುಂಡಿಯೊಳಗೆ ಬ್ರೇಕ್ ಬಿಡಿ. ಬ್ರೇಕ್ ಹಿಡಿದೇ ಇಳಿದರೆ ಕಾರಿನ ಮೂತಿ ತಗ್ಗಿ ಸ್ಪ್ರಿಂಗ್ ಆಗಲೇ ಒತ್ತಿಕೊಂಡಿರುತ್ತದೆ. ಏಟು ತಡೆಯಲು ಉಳಿದ ಜಾಗವೇ ಕಡಿಮೆ. ಮಳೆನೀರು ತುಂಬಿದ ಗುಂಡಿಯ ಆಳ ಕಾಣುವುದಿಲ್ಲ, ಆಳ ಇದೆ ಎಂದೇ ತಿಳಿಯಿರಿ. ಕೊನೆಯ ಕ್ಷಣದಲ್ಲಿ ಸ್ಟಿಯರಿಂಗ್ ತಿರುಗಿಸಿ ತಪ್ಪಿಸುವ ಸಾಹಸ ಬೇಡ. ಪಕ್ಕದಲ್ಲಿ ಸ್ಕೂಟರ್ ಇರಬಹುದು. ಕಾರಿಗೆ ಗುಂಡಿಯೆಂದರೆ ಕೆಲವು ಸಾವಿರ ರೂಪಾಯಿ. ಎರಡು ಚಕ್ರದವರಿಗೆ ಅದು ಜೀವ.

ಅಳತೆ ನಮ್ಮ ಕೈಯಲ್ಲಿ

ರಸ್ತೆಯ ಒರಟುತನಕ್ಕೆ ಅಂತರರಾಷ್ಟ್ರೀಯ ಮಾನವೊಂದಿದೆ, ಐಆರ್‌ಐ. 1982ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ಪ್ರಯೋಗದಿಂದ ಬೆಳೆದದ್ದು. ಅದರ ಒಳಗಿರುವುದೂ ಇದೇ ಕ್ವಾರ್ಟರ್ ಕಾರ್, 80 ಕಿ.ಮೀ. ವೇಗದಲ್ಲಿ. ಅಂದರೆ ಮೇಲಿನ ಮಾಡೆಲ್ ಬರೀ ಪರೀಕ್ಷೆಯ ಪ್ರಶ್ನೆಯಲ್ಲ.

ಮಿನಿ ಪ್ರಾಜೆಕ್ಟ್ ಹುಡುಕುವವರಿಗೆ ಇಲ್ಲೊಂದು ದಾರಿ ಇದೆ. ಫೋನನ್ನು ಕಾರಿನಲ್ಲಿ ಅಲುಗದಂತೆ ಕಟ್ಟಿ, ಆಕ್ಸೆಲೆರೋಮೀಟರ್ ಮತ್ತು ಜಿಪಿಎಸ್ ದಾಖಲಿಸಿ. ಸೆಕೆಂಡಿಗೆ 100 ಮಾದರಿ ಸಿಕ್ಕರೆ 40 ಕಿ.ಮೀ. ವೇಗದಲ್ಲಿ ಪ್ರತಿ 11 ಸೆಂ.ಮೀ.ಗೆ ಒಂದು; 11 ಹರ್ಟ್ಸ್‌ನ ಚಕ್ರದ ಕುಣಿತವನ್ನೂ ಹಿಡಿಯಲು ಅಷ್ಟು ಸಾಕು. ಮಣಿಪಾಲದಿಂದ ಹಿರಿಯಡ್ಕ, ಬೈಲೂರು ದಾರಿಯಾಗಿ ಕಾರ್ಕಳದವರೆಗೆ ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ, ಒಂದೇ ಕಾರು, ಒಂದೇ ವೇಗ. ಎರಡೂ ನಕ್ಷೆ ಪಕ್ಕಪಕ್ಕ ಇಟ್ಟರೆ ಮಳೆ ಎಲ್ಲೆಲ್ಲಿ ರಸ್ತೆ ತಿಂದಿದೆ, ಎಲ್ಲಿ ಚರಂಡಿ ಬೇಕು ಎಂಬುದು ಕಾಣುತ್ತದೆ.

ಇದಕ್ಕೆ ಬಳಕೆಯೂ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಸೆಕ್ಷನ್ ಸೇರಿತು: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಅದು ಆದ ಮೇಲಿನ ಮಾತು. ಆಗುವ ಮೊದಲು ಕೊಡಬಹುದಾದದ್ದು ದಾಖಲೆ: ಜಾಗ, ದಿನಾಂಕ, ಅಳತೆ. "ರೋಡು ಸರಿಯಿಲ್ಲ" ಎಂಬ ಅರ್ಜಿಗಿಂತ, ಇಂಥ ತಿರುವಿನ ಬಳಿ ಇಷ್ಟು ಉದ್ದ, ಇಷ್ಟು ಆಳದ ಗುಂಡಿಗಳಿವೆ, ಬದಿಯ ಚರಂಡಿ ಮುಚ್ಚಿದೆ ಎಂಬ ಒಂದು ಪುಟದ ವರದಿಗೆ ಉತ್ತರ ಕೊಡದೆ ಇರುವುದು ಕಷ್ಟ. ಸಿವಿಲ್‌ನವರು ಚರಂಡಿ ನೋಡಲಿ, ಮೆಕ್ಯಾನಿಕಲ್‌ನವರು ಚಕ್ರ ನೋಡಲಿ, ಕೋಡ್ ಬರೆಯುವವರು ನಕ್ಷೆ ಮಾಡಲಿ. ಮುಂದಿನ ಮೇ ತಿಂಗಳಿಗೆ ತಂಡ ಕಟ್ಟಲು ಈಗಲೇ ಶುರು ಮಾಡಿದರೆ ಒಳ್ಳೆಯದು.