ಟಗರಿಗೊಂದು ಹೊಂಗೆ ನೆರಳು

ಮಗಾ, ಎಲೆಕ್ಟ್ರಾನಿಕ್ ಸಿಟಿ ಕೆಲಸದ ಜೊತೆಗೇ ಆನೇಕಲ್ ಕಡೆ ಜಮೀನಿನಲ್ಲಿ 25 ಬನ್ನೂರು ಕುರಿ ಸಾಕಿದ್ದೀಯ, ಸಂತೋಷ. ಆದರೆ ಮೊನ್ನೆ ‘ಈ ಟಗರು ಪ್ರಯೋಜನ ಇಲ್ಲ ದೊಡ್ಡಪ್ಪ, ಸಂತೆಗೆ ಹೊಡೀತೀನಿ’ ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ.

ಟಗರು ಹಾರಿದ ಕುರಿಗಳು 17 ದಿನಕ್ಕೆ ಮತ್ತೆ ಬೆದೆಗೆ ಬರುತ್ತಿವೆ, ಗಬ್ಬ ನಿಂತಿಲ್ಲ ಅನ್ನೋದು ನಿಜ. ಆದರೆ ಕೆಟ್ಟದ್ದು ಈಗಲ್ಲ, ಏಪ್ರಿಲ್–ಮೇ ಬಿಸಿಲಿನಲ್ಲಿ. ಟಗರಿನ ಮೈ ಕಾವು ಸುಮಾರು 39 ಡಿಗ್ರಿ. ಬೀಜ ಅದಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿದ್ದರೇ ವೀರ್ಯ ಸರಿಯಾಗಿ ಬೆಳೆಯೋದು; ಅವು ಮೈಯಿಂದ ಹೊರಗೆ ಜೋತುಬಿದ್ದಿರೋದೂ ಅದಕ್ಕೇ. ಆ ವೀರ್ಯ ಹುಟ್ಟಿ, ಬಲಿತು, ಹೊರಡೋಕೆ ಹೆಚ್ಚುಕಮ್ಮಿ ಎರಡು ತಿಂಗಳು. ಹಾಗಾಗಿ ಮಳೆ ಬಿದ್ದು, ಹುಲ್ಲು ಚಿಗುರಿ, ಟಗರು ಹುಮ್ಮಸ್ಸಿನಿಂದ ಹಾರುವಾಗಲೂ ಒಳಗೆ ಬೇಸಿಗೆಯ ಪೆಟ್ಟು ಉಳಿದಿರುತ್ತೆ. ಜೋರು ಜ್ವರ ಬಂದು ಹೋದ ಟಗರಿಗೂ ಹೀಗೇ ಆಗುತ್ತೆ, ನೆನಪಿಟ್ಟುಕೋ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿತು. ಬೀಸೋ ಗಾಳಿಯೇ ಟಗರಿನ ಮೈಯಷ್ಟು ಕಾದರೆ ಬೀಜ ತಣಿಯೋದೆಲ್ಲಿ? ಆ ವರ್ಷ ನಾನೂ ನಿನ್ನ ಹಾಗೇ ದುಡುಕಿ, ಆಷಾಢದಲ್ಲಿ ಟಗರು ಮಾರಿದೆ. ಕೊಂಡವನು ಶ್ರಾವಣದಲ್ಲಿ ಅದನ್ನೇ ಮಂದೆಗೆ ಬಿಟ್ಟ. ಸಂಕ್ರಾಂತಿ ಕಳೆಯೋ ಹೊತ್ತಿಗೆ ಅವನ ದೊಡ್ಡಿ ತುಂಬ ಮರಿ. ನನ್ನ ದೊಡ್ಡಿಯಲ್ಲಿ ಬರೀ ಮೌನ.

ನಾವು ಹುಡುಗರಾಗಿದ್ದಾಗ ಗೋಮಾಳದಲ್ಲಿ ಹೊಂಗೆ, ಹುಣಸೆ ಇದ್ದವು. ಯುಗಾದಿಗೆ ಹೊಂಗೆ ಹೊಸ ಎಲೆ ಹೊದ್ದು, ಬಿರುಬೇಸಿಗೆಗೆ ಸರಿಯಾಗಿ ದಟ್ಟ ನೆರಳು ಕೊಡೋದು. ಮಧ್ಯಾಹ್ನ ಕುರಿಗಳೆಲ್ಲ ಅಲ್ಲೇ ಮಲಗಿ ಮೆಲುಕು ಹಾಕೋವು. ಈಗ ಲೇಔಟ್ ಆಗಿದೆ; ಖಾಲಿ ಸೈಟಲ್ಲಿ ಹುಲ್ಲುಂಟು, ಮರವಿಲ್ಲ, ಸುತ್ತಲಿನ ಕಾಂಪೌಂಡಿಗೆ ಗಾಳಿಯೂ ಆಡಲ್ಲ. ನಿನ್ನ ತಗಡಿನ ಶೆಡ್ಡೂ ಮಧ್ಯಾಹ್ನ ಕಾದ ಹೆಂಚೇ. ಮೇಲೆ ತೆಂಗಿನ ಗರಿ ಹೊದಿಸು, ಪಕ್ಕದ ಗೋಡೆ ಅರ್ಧಕ್ಕೆ ಇಳಿಸು. ಬೇಸಿಗೆಯಲ್ಲಿ ಬೆಳಗಿನ ತಂಪಲ್ಲಿ ಮೇಯಿಸು, ಮತ್ತೆ ಬಿಡೋದು ನಾಲ್ಕು ಗಂಟೆ ಮೇಲೆ. ತಣ್ಣೀರು ಯಾವಾಗಲೂ ಮುಂದಿರಲಿ.

ದಿನಾ ಹೊಸೂರು ರಸ್ತೆಯಲ್ಲಿ ಓಡಾಡ್ತೀಯ, ಒಮ್ಮೆ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಗೂ ಹೋಗು. ಬಿಸಿಲು ಕುರಿಗೆ ಏನು ಮಾಡುತ್ತೆ ಅಂತಲೇ ಅಲ್ಲಿ ಪ್ರಯೋಗ ನಡೆಸಿದ್ದಾರೆ.

ಸದ್ಯಕ್ಕೆ ಟಗರು ಮಾರಬೇಡ. ಶ್ರಾವಣದಲ್ಲಿ ಮತ್ತೆ ಬಿಟ್ಟು ನೋಡು. ಆಗಲೂ ಗಬ್ಬ ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸೋಣ. ಭಾನುವಾರ ಹಾರೆ ತಗೊಂಡು ಬಾ, ದೊಡ್ಡಿಯ ಪಡುವಣಕ್ಕೆ ನೆಡೋಕೆ ನಾಲ್ಕು ಹೊಂಗೆ ಸಸಿ ತೆಗೆದಿಟ್ಟಿದ್ದೀನಿ.